ಕೀ ನಿಮ್ಮ ಕೈಯಲ್ಲಿ, ಮಾಲೀಕರು ದೂರದಲ್ಲಿ: ಕಾರವಾರದ ಬಾಡಿಗೆ ಮನೆ ನೋಡಿಕೊಳ್ಳುವವರಿಗೆ ಸೋಶಿಯಲ್ ಮೀಡಿಯಾ ಮಾರ್ಗದರ್ಶಿ

ಕಾರವಾರದಲ್ಲಿ ಬೇರೆಯವರ ಮನೆ ನೋಡಿಕೊಳ್ಳುವವರು ಬಹಳ ಜನ ಇದ್ದಾರೆ. ಕೆಲವರಿಗೆ ಅದೇ ಕಸುಬು. ಇನ್ನು ಕೆಲವರು ಅಂಗಡಿ, ನೌಕರಿ ಇಟ್ಟುಕೊಂಡು ಜೊತೆಗೆ ಇದನ್ನೂ ಮಾಡುತ್ತಾರೆ. ಮನೆ ಕೋಡಿಬಾಗದಲ್ಲೋ ಹಬ್ಬುವಾಡದಲ್ಲೋ ಸದಾಶಿವಗಡದಲ್ಲೋ ಇರುತ್ತದೆ. ಮಾಲೀಕರು ಮುಂಬೈ, ಬೆಂಗಳೂರು ಅಥವಾ ದುಬೈಯಲ್ಲಿರುತ್ತಾರೆ. ಬಾಡಿಗೆಗೆ ಬರುವವರಲ್ಲೂ ಹೊರಗಿನವರೇ ಜಾಸ್ತಿ. ಅರ್ಗಾದ ನೌಕಾನೆಲೆಗೆ ವರ್ಗವಾಗಿ ಬರುವವರು, ಕೈಗಾದವರು, ವೈದ್ಯಕೀಯ ಕಾಲೇಜಿನ ಡಾಕ್ಟರುಗಳು, ವಿದ್ಯಾರ್ಥಿಗಳು, ಬಿಣಗಾ ಕಾರ್ಖಾನೆಯವರು, ಬ್ಯಾಂಕು, ಕೋರ್ಟು, ಜಿಲ್ಲಾ ಕಚೇರಿಯ ನೌಕರರು.

ಅಂದರೆ ಮನೆ ಕೊಡುವವರೂ ಇಲ್ಲಿಲ್ಲ, ಮನೆ ಬೇಕಾದವರೂ ಇನ್ನೂ ಇಲ್ಲಿಗೆ ಬಂದಿಲ್ಲ. ವಿಶಾಖಪಟ್ಟಣದಲ್ಲಿ ಕೂತ ಒಬ್ಬ ನೌಕಾಪಡೆಯ ಉದ್ಯೋಗಿ, ರಾತ್ರಿ ಊಟವಾದ ಮೇಲೆ ಮೊಬೈಲ್‌ನಲ್ಲಿ ಕಾರವಾರದ ಮನೆ ಹುಡುಕುತ್ತಾನೆ. ಅವನಿಗೆ ನೀವು ತೋರಿಸಿದಷ್ಟೇ ಕಾಣುತ್ತದೆ. ಹೀಗಿರುವಾಗ ಸಾವಿರಾರು ಫಾಲೋವರ್ಸ್ ಕಟ್ಟಿಕೊಂಡು ಏನು ಮಾಡುತ್ತೀರಿ? ನಿಮ್ಮ ಫೋಟೊ ಮತ್ತು ನಿಮ್ಮ ಮಾತು ನಂಬುವ ಹಾಗಿದ್ದರೆ ಸಾಕು. ಈ ಲೇಖನದಲ್ಲಿರುವುದೆಲ್ಲ ಆ ನಂಬಿಕೆ ಹೇಗೆ ಕಟ್ಟುವುದು ಎಂಬುದರ ಸುತ್ತಲೇ ಇದೆ.

ಮೊದಲು ಮಾಲೀಕರ ಒಪ್ಪಿಗೆ

ಒಂದು ಫೋಟೊ ಹಾಕುವ ಮೊದಲು ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿ, ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ "ಹಾಕಿ ಹಾಕಿ" ಅಂದರೆ ಸಾಲದು. ಯಾವ ಕೋಣೆ ತೋರಿಸಬಹುದು, ಬಾಡಿಗೆ ಎಷ್ಟು ಎಂದು ಹಾಕಬೇಕು, ಡಿಪಾಸಿಟ್ ಎಷ್ಟು, ಎಷ್ಟಕ್ಕೆ ಇಳಿಯಬಹುದು, ಯಾರಿಗೆ ಕೊಡಲು ಒಪ್ಪುತ್ತಾರೆ ಎಂದು ಒಂದೇ ಮೆಸೇಜಿನಲ್ಲಿ ಕೇಳಿ. ಮುಂದೆ ಮಾತು ಬದಲಾದರೆ ಅದೇ ನಿಮಗೆ ಆಧಾರ.

ದೇವರ ಕೋಣೆ, ಗೋಡೆಯ ಮೇಲಿನ ಹಿರಿಯರ ಫೋಟೊ, ಬೀಗ ಹಾಕಿಟ್ಟ ಅಲಮಾರು ಇವು ವಿಡಿಯೊದಲ್ಲಿ ಬರಬಾರದು ಎಂದು ಕೆಲವು ಮನೆಯವರಿಗೆ ಇರುತ್ತದೆ. ಅದನ್ನು ನೀವಾಗಿಯೇ ಕೇಳಿ. ಈಗಿರುವ ಬಾಡಿಗೆಯವರು ಇನ್ನೂ ಮನೆ ಬಿಟ್ಟಿಲ್ಲವಾದರೆ ಅವರ ಒಪ್ಪಿಗೆಯೂ ಬೇಕು. ಅವರ ಬಟ್ಟೆ, ಪಾತ್ರೆ, ಮಕ್ಕಳು ಯಾವುದೂ ಫೋಟೊದಲ್ಲಿ ಕಾಣಬಾರದು. ಅವರು ಖಾಲಿ ಮಾಡಿದ ಮೇಲೆ ಗುಡಿಸಿ ತೆಗೆದ ಫೋಟೊವೇ ಒಳ್ಳೆಯದು.

ವಾಟ್ಸಾಪ್ ಬಿಸಿನೆಸ್ ಸಜ್ಜು ಮಾಡಿಕೊಳ್ಳಿ

ಈ ಕೆಲಸಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ. ಒಂದು ನಂಬರು ಸಾಮಾನ್ಯ ವಾಟ್ಸಾಪ್‌ನಲ್ಲಿ ಅಥವಾ ವಾಟ್ಸಾಪ್ ಬಿಸಿನೆಸ್‌ನಲ್ಲಿ ಮಾತ್ರ ನಡೆಯುತ್ತದೆ, ಎರಡರಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಮನೆಮಂದಿಯ ಗ್ರೂಪು, ಮದುವೆ ಕರೆಯೋಲೆಗಳ ನಡುವೆ ಬಾಡಿಗೆಯವರ ಮೆಸೇಜು ಕಳೆದುಹೋಗುವುದು ಬೇಡ ಅಲ್ವಾ?

ಬಿಸಿನೆಸ್ ಆ್ಯಪ್‌ಗೆ ದುಡ್ಡು ಕೊಡಬೇಕಾಗಿಲ್ಲ. ಪ್ರೊಫೈಲ್‌ನಲ್ಲಿ ನಿಮ್ಮ ಹೆಸರು, ಕೆಲಸದ ವೇಳೆ, ಯಾವ ಯಾವ ಭಾಗದ ಮನೆ ನೋಡಿಕೊಳ್ಳುತ್ತೀರಿ ಎಂದು ಬರೆಯಿರಿ. ಕ್ಯಾಟಲಾಗ್‌ನಲ್ಲಿ ಒಂದೊಂದು ಖಾಲಿ ಮನೆಗೆ ಒಂದೊಂದು ಪುಟ ಮಾಡಿ. ಯಾರಾದರೂ ಕೇಳಿದರೆ ಹತ್ತು ಫೋಟೊ ಹುಡುಕಿ ಕಳಿಸುವ ಗೋಜಿಲ್ಲ, ಒಂದು ಲಿಂಕ್ ಕಳಿಸಿದರಾಯಿತು. ಲೇಬಲ್ ಬಳಸಿ: "ಮನೆ ಕೇಳಿದವರು", "ನೋಡಿ ಹೋದವರು", "ಬಾಡಿಗೆಯವರು", "ಮಾಲೀಕರು", "ಪ್ಲಂಬರ್-ಎಲೆಕ್ಟ್ರಿಷಿಯನ್". ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಬರೆದಿಟ್ಟುಕೊಳ್ಳಿ. ಮೊದಲ ಉತ್ತರಕ್ಕೆ ಹೀಗೆ ಬರೆಯಬಹುದು:

"ನಮಸ್ಕಾರ. ಈ ಮನೆ ಇನ್ನೂ ಖಾಲಿ ಇದೆ. ನೀವು ಎಷ್ಟು ಜನ, ಯಾವಾಗಿಂದ ಬೇಕು, ಎಲ್ಲಿ ಕೆಲಸ ಎಂದು ತಿಳಿಸಿ. ಮನೆ ತೋರಿಸುವ ಮೊದಲು ನಾನು ಹಣ ಕೇಳುವುದಿಲ್ಲ."

ಕೊನೆಯ ವಾಕ್ಯ ಏಕೆ ಎಂದು ಮುಂದೆ ಹೇಳುತ್ತೇನೆ.

ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಬಗ್ಗೆ ಒಂದು ಮಾತು. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಹಾಗಾಗಿ ಮನೆ ನೋಡಿ ಹೋದವರಿಗೆಲ್ಲ "ನಂಬರು ಸೇವ್ ಮಾಡಿಕೊಳ್ಳಿ, ಬೇರೆ ಮನೆ ಬಂದರೆ ತಿಳಿಸುತ್ತೇನೆ" ಅನ್ನಿ. ಎರಡು ಹಂತದ ಭದ್ರತೆಯನ್ನೂ ಇವತ್ತೇ ಆನ್ ಮಾಡಿ, 6 ಅಂಕಿಯ ಪಿನ್ ಇಡಿ. ನಿಮ್ಮ ವಾಟ್ಸಾಪ್ ಕಳ್ಳರ ಕೈಗೆ ಹೋದರೆ ನಿಮ್ಮ ಹೆಸರಿನಲ್ಲಿ ಎಲ್ಲ ಬಾಡಿಗೆಯವರಿಗೂ "ಈ ತಿಂಗಳ ಬಾಡಿಗೆ ಈ ಖಾತೆಗೆ ಹಾಕಿ" ಎಂಬ ಮೆಸೇಜ್ ಹೋಗುತ್ತದೆ.

ಫೋಟೊ ಮತ್ತು ವಿಡಿಯೊ

ಬೆಳಿಗ್ಗೆ ಬೆಳಕು ಒಳಗೆ ಬರುವ ಹೊತ್ತಿಗೆ ಹೋಗಿ. ಎಲ್ಲ ಕಿಟಕಿ ತೆರೆಯಿರಿ, ಲೈಟು ಹಾಕಿ, ಮೊಬೈಲ್ ಕ್ಯಾಮೆರಾದ ಗಾಜು ಒರೆಸಿ. ಕೋಣೆಯ ಮೂಲೆಯಲ್ಲಿ ನಿಂತು ಎದೆಯ ಎತ್ತರದಲ್ಲಿ ಮೊಬೈಲ್ ಹಿಡಿದರೆ ಕೋಣೆಯ ನಿಜವಾದ ಅಳತೆ ಕಾಣುತ್ತದೆ. ವೈಡ್ ಲೆನ್ಸ್‌ನಲ್ಲಿ ತೆಗೆದರೆ ಹತ್ತಡಿ ಕೋಣೆ ಕಲ್ಯಾಣ ಮಂಟಪದಂತೆ ಕಾಣುತ್ತದೆ. ಬಂದು ನೋಡಿದವರ ಮುಖ ಬಾಗಿಲಲ್ಲೇ ಬಾಡಿಹೋಗುತ್ತದೆ. ಅಂಥವರು ನಿಮ್ಮ ಮುಂದಿನ ಮಾತು ಯಾವುದನ್ನೂ ನಂಬುವುದಿಲ್ಲ.

ಎಲ್ಲರೂ ಹಾಲ್ ಮತ್ತು ಬೆಡ್‌ರೂಮ್ ತೋರಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಮನೆ ಹುಡುಕುವವರು ಮನಸ್ಸಿನಲ್ಲಿ ಕೇಳಿಕೊಳ್ಳುವುದೇ ಬೇರೆ. ನೀರು ಎಲ್ಲಿಂದ? ಬಾವಿಯಿದ್ದರೆ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆಯೇ? ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ? ಬಟ್ಟೆ ಒಣಗಿಸಲು ಮಾಡು ಇದೆಯೇ? ಉಪ್ಪುಗಾಳಿಗೆ ಕಿಟಕಿಯ ಕಬ್ಬಿಣ ಎಷ್ಟು ತುಕ್ಕು ಹಿಡಿದಿದೆ? ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುತ್ತದೆಯೇ? ಕಾರು ಗೇಟಿನವರೆಗೆ ಬರುತ್ತದೆಯೇ? ಇವನ್ನು ತೋರಿಸಿ. ನಲ್ಲಿ ತಿರುಗಿಸಿ ನೀರಿನ ರಭಸ ತೋರಿಸಿ. ಟ್ಯಾಂಕ್, ಮೋಟರ್, ಮೀಟರ್ ಬೋರ್ಡ್ ತೋರಿಸಿ. ಗೇಟಿನಿಂದ ಮುಖ್ಯ ರಸ್ತೆಯವರೆಗೆ ನಡೆಯುತ್ತಾ ಒಂದು ತುಣುಕು ತೆಗೆಯಿರಿ.

ಸಾಧ್ಯವಾದರೆ ಒಂದೇ ಮನೆಯ ಎರಡು ವಿಡಿಯೊ ಇಟ್ಟುಕೊಳ್ಳಿ: ಒಂದು ಜನವರಿಯದು, ಒಂದು ಜುಲೈಯದು. ಜಡಿಮಳೆಯಲ್ಲಿ ಛಾವಣಿಯ ಕೆಳಗೆ ನಿಂತು "ಇವತ್ತು ಬೆಳಗಿನಿಂದ ಮಳೆ ಬಿಟ್ಟಿಲ್ಲ, ಗೋಡೆ ಹೀಗಿದೆ ನೋಡಿ" ಎಂದು ತೋರಿಸಿದ ಒಂದು ನಿಮಿಷದ ವಿಡಿಯೊ ಎಷ್ಟು ಕೆಲಸ ಮಾಡುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಗೋಡೆಯಲ್ಲಿ ಸ್ವಲ್ಪ ತೇವ ಇದ್ದರೆ ಅದನ್ನೂ ತೋರಿಸಿ, ಯಾವಾಗ ಸರಿ ಮಾಡಿಸುತ್ತೀರಿ ಎಂದು ಹೇಳಿ. ಮಳೆ ನಾಡಿನ ಮನೆ ಹೇಗಿರುತ್ತದೆ ಎಂದು ಜನರಿಗೆ ಗೊತ್ತು. ಮುಚ್ಚಿಟ್ಟರೆ ಮಾತ್ರ ಸಿಟ್ಟು ಬರುತ್ತದೆ.

ಇನ್‌ಸ್ಟಾಗ್ರಾಂ ರೀಲ್ ಬಹಳ ಉದ್ದ ಬೇಡ. ಮನೆಗೆ ಒಂದು, ಒಂದೂವರೆ ನಿಮಿಷ ಸಾಕು. ಮೊಬೈಲ್ ನೆಟ್ಟಗೆ ಹಿಡಿಯಿರಿ, ನಿಧಾನ ನಡೆಯಿರಿ. ಹಿಂದೆ ಸಿನಿಮಾ ಹಾಡು ಹಾಕುವ ಬದಲು ನಿಮ್ಮ ದನಿಯಲ್ಲೇ ವಿವರಿಸಿ. ಕನ್ನಡದಲ್ಲೋ ಕೊಂಕಣಿಯಲ್ಲೋ ಮಾತಾಡಿ, ಹಿಂದಿಯಲ್ಲಿ ನಾಲ್ಕು ಸಾಲು ಪರದೆಯ ಮೇಲೆ ಹಾಕಿ. ನೌಕಾನೆಲೆಗೆ ಬರುವವರು ದೇಶದ ಎಲ್ಲ ಕಡೆಯವರು.

ಕ್ಯಾಮೆರಾ ಯಾವ ಕಡೆ ತಿರುಗಬಾರದು

ಇದು ಕಾರವಾರದವರು ವಿಶೇಷವಾಗಿ ಗಮನಿಸಬೇಕಾದ ವಿಷಯ. ಬಿಣಗಾ, ಅರ್ಗಾ, ಬೈತಖೋಲ ಕಡೆಯ ಮನೆಯ ತಾರಸಿಯಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ. "ಸೀ ವ್ಯೂ" ಎಂದು ವಿಡಿಯೊ ತೆಗೆಯುವ ಆಸೆ ಸಹಜ. ಆದರೆ ಅಲ್ಲೇ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಹಡಗು, ಜೆಟ್ಟಿ, ಗೋಡೆ, ಗೇಟು, ಕಾವಲು ಗೋಪುರ ಯಾವುದೂ ನಿಮ್ಮ ಫೋಟೊದಲ್ಲಿ ಬರಬಾರದು. ನಿಷೇಧಿತ ಸ್ಥಳದ ಚಿತ್ರ ಹಂಚುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಕೆಳಗೆ ಕೇಸಾಗುವಂಥ ವಿಷಯ. ಡ್ರೋನ್ ಇಟ್ಟುಕೊಂಡ ಹುಡುಗರನ್ನು ಕರೆಸಿ ಮೇಲಿಂದ ತೆಗೆಸುವುದಂತೂ ಬೇಡವೇ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. 250 ಗ್ರಾಂ ಒಳಗಿನ ಪುಟ್ಟ ಡ್ರೋನಿಗೂ ಇದು ಅನ್ವಯ. ಯಾವ ಜಾಗ ಯಾವ ವಲಯ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕಾಣುತ್ತದೆ.

ಬಾಡಿಗೆಯವರ ಬಗ್ಗೆಯೂ ಇದೇ ಎಚ್ಚರ ಬೇಕು. "ನಮ್ಮ ಮನೆಯಲ್ಲಿ ನೇವಿ ಆಫೀಸರ್ ಇದ್ದಾರೆ" ಎಂದು ಹೆಮ್ಮೆಯಿಂದ ಪೋಸ್ಟ್ ಹಾಕಬೇಡಿ. ಅವರ ಹೆಸರು, ಹುದ್ದೆ, ರಜೆಗೆ ಊರಿಗೆ ಹೋದ ವಿಷಯ ಯಾರ ಮುಂದೆಯೂ ಬೇಡ. 2025ರ ಫೆಬ್ರವರಿಯಲ್ಲಿ, ಫೇಸ್‌ಬುಕ್‌ನಲ್ಲಿ ಪರಿಚಯವಾದವರಿಗೆ ನೌಕಾನೆಲೆಯ ಮಾಹಿತಿ ಕೊಟ್ಟ ಆರೋಪದ ಮೇಲೆ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತ್ತು. ಮನೆ ಬಾಡಿಗೆ ಕೇಳುವ ನೆಪದಲ್ಲಿ "ಅಲ್ಲಿಂದ ಹಡಗು ಕಾಣುತ್ತದೆಯೇ, ಒಂದು ಫೋಟೊ ಕಳಿಸಿ" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ. ಪೊಲೀಸರಿಗೆ ತಿಳಿಸಿ.

ಜಾಹೀರಾತಿನ ಮಾತು

"ಸುಂದರವಾದ ಮನೆ, ಪ್ರಶಾಂತ ವಾತಾವರಣ, ಬೇಗ ಸಂಪರ್ಕಿಸಿ" ಎಂದು ಬರೆದರೆ ಓದಿದವನಿಗೆ ಏನೂ ತಿಳಿಯುವುದಿಲ್ಲ. ಅವನು ಫೋನ್ ಮಾಡಿ ಹತ್ತು ಪ್ರಶ್ನೆ ಕೇಳುತ್ತಾನೆ, ಆಮೇಲೆ "ನೋಡಿ ಹೇಳುತ್ತೇನೆ" ಎನ್ನುತ್ತಾನೆ. ಇಬ್ಬರ ಹೊತ್ತೂ ಹಾಳು. ಒಂದು ಮಾದರಿ ಕೊಡುತ್ತೇನೆ, ಅಂಕಿಗಳನ್ನು ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಿ:

"ಕಾರವಾರ ಹಬ್ಬುವಾಡದಲ್ಲಿ 2 ಬಿಎಚ್‌ಕೆ ಮನೆ, ಮೊದಲ ಮಹಡಿ. ಬಾಡಿಗೆ 11,000, ಡಿಪಾಸಿಟ್ 40,000. ನಗರಸಭೆ ನೀರು ಮತ್ತು ಬಾವಿ ನೀರು ಎರಡೂ ಇವೆ. ಬಾವಿ ನೀರು ಮೇ ತಿಂಗಳಲ್ಲಿ ಕಡಿಮೆಯಾಗುತ್ತದೆ. ಬೇರೆ ಕರೆಂಟ್ ಮೀಟರ್. ಬೈಕ್ ನಿಲ್ಲಿಸಲು ಜಾಗ ಇದೆ, ಕಾರು ರಸ್ತೆ ಬದಿಯಲ್ಲಿ. ಹಿಂದಿನ ಬೆಡ್‌ರೂಮಿನ ಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತಿತ್ತು, ಏಪ್ರಿಲ್‌ನಲ್ಲಿ ವಾಟರ್‌ಪ್ರೂಫ್ ಮಾಡಿಸಿದೆ. 11 ತಿಂಗಳ ಕರಾರು. ಪ್ರತಿ ತಿಂಗಳು ರಸೀದಿ ಮತ್ತು ಮಾಲೀಕರ ಪ್ಯಾನ್ ಸಿಗುತ್ತದೆ. ನನ್ನ ಕಮಿಷನ್ ಅರ್ಧ ತಿಂಗಳ ಬಾಡಿಗೆ. ಜೂನ್ 1ರಿಂದ ಖಾಲಿ. ಸಂಜೆ 5ರಿಂದ 7ರೊಳಗೆ ಮನೆ ನೋಡಬಹುದು."

ಪ್ಯಾನ್ ವಿಷಯ ಏಕೆ? ವರ್ಷಕ್ಕೆ 1 ಲಕ್ಷ ರೂಪಾಯಿಗಿಂತ ಹೆಚ್ಚು ಬಾಡಿಗೆ ಕೊಡುವ ನೌಕರರು ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ಮೇಲೆ ತೆರಿಗೆ ವಿನಾಯಿತಿ ಪಡೆಯಲು ಮಾಲೀಕರ ಪ್ಯಾನ್ ಕೊಡಬೇಕು. ಕೈಗಾದವರು, ಬ್ಯಾಂಕಿನವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಮಾಲೀಕರು ಒಪ್ಪಿದ್ದರೆ ಮೊದಲೇ ಬರೆದುಬಿಡಿ. ಪ್ಯಾನ್ ನಂಬರು ಮಾತ್ರ ಜಾಹೀರಾತಿನಲ್ಲಿ ಬರಬಾರದು, ಕರಾರು ಆದ ಮೇಲೆ ಕೊಟ್ಟರೆ ಸಾಕು. 11 ತಿಂಗಳ ಕರಾರು ಎಲ್ಲರಿಗೂ ಗೊತ್ತಿರುವುದೇ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಬೇಕಾಗುತ್ತದೆ.

ಇನ್ನೊಂದು ವಿಷಯ ಮನಸ್ಸಿಟ್ಟು ಹೇಳುತ್ತೇನೆ. "ಇಂಥ ಜಾತಿಯವರಿಗೆ ಮಾತ್ರ", "ಇಂಥ ಧರ್ಮದವರು ಬೇಡ" ಎಂದು ಜಾಹೀರಾತಿನಲ್ಲಿ ಬರೆಯಬೇಡಿ. ಮಾಲೀಕರು ಹೇಳಿದರೂ ಬರೆಯಬೇಡಿ. ಅದು ತಪ್ಪು. ನಿಮ್ಮ ಹೆಸರಿನಲ್ಲಿ ಹಾಕಿದ ಆ ಸಾಲನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ವರ್ಷಗಟ್ಟಲೆ ತಿರುಗಾಡುತ್ತದೆ. ಮಾಲೀಕರು ಅದೇ ಮನೆಯ ಕೆಳಗಡೆ ವಾಸವಿದ್ದು, ಮೀನು-ಮಾಂಸ ಅಡುಗೆ ಬೇಡ ಎಂದರೆ ಅದನ್ನು ಅಡುಗೆಯ ನಿಯಮ ಎಂದು ಮಾತ್ರ ಸರಳವಾಗಿ ತಿಳಿಸಿ. ಮೀನಿನ ಊರಿನಲ್ಲಿ ಆ ನಿಯಮ ಇಟ್ಟರೆ ಮನೆ ಹೋಗುವುದು ತಡವಾಗುತ್ತದೆ ಎಂದೂ ಮಾಲೀಕರಿಗೆ ಹೇಳಿ.

ಬೀಗ ಹಾಕಿದ ಮನೆಯ ನಿಖರ ಲೊಕೇಶನ್ ಯಾವತ್ತೂ ಹಾಕಬೇಡಿ. ಕೇರಿಯ ಹೆಸರು, ಹತ್ತಿರದ ದೇವಸ್ಥಾನವೋ ಶಾಲೆಯೋ ಸಾಕು. "ಮನೆ ಖಾಲಿ ಇದೆ, ಮಾಲೀಕರು ಮುಂಬೈಯಲ್ಲಿ" ಎಂಬ ಸಾಲಿನ ಜೊತೆ ನಕ್ಷೆಯ ಗುರುತು ಸೇರಿದರೆ ಕಳ್ಳರಿಗೆ ಕರೆಯೋಲೆ ಕೊಟ್ಟ ಹಾಗೆ. ನೋಡಲು ಬರುವ ದಿನ ಗೊತ್ತಾದ ಮೇಲೆ, ಬರುವವರಿಗೆ ಮಾತ್ರ ಲೊಕೇಶನ್ ಕಳಿಸಿ.

ಎಲ್ಲಿ ಹಾಕಬೇಕು

ಮೊದಲು ವಾಟ್ಸಾಪ್ ಸ್ಟೇಟಸ್. 24 ಗಂಟೆ ಇರುತ್ತದೆ, ಪರಿಚಯದವರೇ ನೋಡುತ್ತಾರೆ. ಅವರಲ್ಲಿ ಒಬ್ಬರ ಆಫೀಸಿಗೆ ಹೊಸಬರು ಬಂದಿರುತ್ತಾರೆ. ನಮ್ಮೂರಿನಲ್ಲಿ ಮನೆ ಹೆಚ್ಚಾಗಿ ಹೋಗುವುದು ಹೀಗೆಯೇ. ನಂತರ ಫೇಸ್‌ಬುಕ್‌ನಲ್ಲಿರುವ ಊರಿನ ಗ್ರೂಪುಗಳು ಮತ್ತು ಮಾರ್ಕೆಟ್‌ಪ್ಲೇಸ್. ಗ್ರೂಪಿನ ನಿಯಮ ಓದಿ ಹಾಕಿ. ದಿನಾ ಅದೇ ಪೋಸ್ಟ್ ಹಾಕಿದರೆ ತೆಗೆದುಹಾಕುತ್ತಾರೆ. ವಾರಕ್ಕೊಮ್ಮೆ ಸಾಕು. ಇನ್‌ಸ್ಟಾಗ್ರಾಂ ಕಾಲೇಜು ಹುಡುಗರಿಗೆ, ಯುವ ಡಾಕ್ಟರುಗಳಿಗೆ, ಹೋಂಸ್ಟೇಗೆ. ಎಲ್ಲದರಲ್ಲೂ ಇರಲೇಬೇಕೆಂದಿಲ್ಲ. ನಿಮಗೆ ದಿನಾ ತೆರೆದು ಉತ್ತರ ಕೊಡಲು ಆಗುವ ಎರಡು ಕಡೆ ಸಾಕು.

ಗೂಗಲ್ ಹುಡುಕಾಟ ಮತ್ತು ನಕ್ಷೆಯಲ್ಲಿ ವ್ಯಾಪಾರದ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಬಗ್ಗೆ ಬಹಳ ಜನರಿಗೆ ಗೊಂದಲ ಇದೆ. ಖಾಲಿ ಇರುವ ಬಾಡಿಗೆ ಮನೆಯನ್ನೇ ಒಂದು ವ್ಯಾಪಾರವೆಂದು ಅಲ್ಲಿ ಸೇರಿಸಲು ಗೂಗಲ್ ನಿಯಮ ಒಪ್ಪುವುದಿಲ್ಲ. ಸೇರಿಸಬೇಕಾದದ್ದು ನಿಮ್ಮ ಕೆಲಸವನ್ನು. ಆಫೀಸು ಇದ್ದರೆ ಅದರ ವಿಳಾಸ ಕೊಡಿ. ಮನೆಯಿಂದಲೇ ಕೆಲಸ ಮಾಡುವವರಾದರೆ ವಿಳಾಸ ಮುಚ್ಚಿಟ್ಟು, ಕಾರವಾರ, ಸದಾಶಿವಗಡ, ಅಂಕೋಲಾ ಎಂದು ಸೇವೆ ಕೊಡುವ ಊರುಗಳನ್ನು ಮಾತ್ರ ತೋರಿಸಬಹುದು. ಮನೆ ಬಿಟ್ಟು ಹೋಗುವ ಬಾಡಿಗೆಯವರು ಖುಷಿಯಲ್ಲಿದ್ದರೆ ಅಲ್ಲಿ ನಾಲ್ಕು ಸಾಲು ಬರೆಯಲು ಕೇಳಿ. ಡಿಪಾಸಿಟ್ ಹಣ ಪೂರ್ತಿ ಕೈಗೆ ಬಂದ ದಿನ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಹಣವನ್ನಾಗಲಿ ರಿಯಾಯಿತಿಯನ್ನಾಗಲಿ ಕೊಡಬಾರದು. ಗೂಗಲ್‌ನ ನಿಯಮಕ್ಕೂ ಅದು ವಿರುದ್ಧ.

ಫೋನು ಬರಲು ಶುರುವಾದ ಮೇಲೆ

ಬೇಗ ಉತ್ತರ ಕೊಡಿ. ಮನೆ ಹುಡುಕುವವರು ಒಟ್ಟಿಗೆ ನಾಲ್ಕೈದು ಜನರಿಗೆ ಮೆಸೇಜ್ ಮಾಡಿರುತ್ತಾರೆ. ರಾತ್ರಿ ಬಂದ ಮೆಸೇಜಿಗೆ ಬೆಳಿಗ್ಗೆ ಎದ್ದ ಕೂಡಲೇ ಉತ್ತರ ಹೋಗಲಿ. ಮನೆ ಹೋಗಿದ್ದರೆ "ಹೋಗಿದೆ" ಎಂದಾದರೂ ಹೇಳಿ.

ಈಗ ಮೋಸದ ವಿಷಯ. ನಮ್ಮಲ್ಲಿ ನಿಜವಾದ ನೌಕಾಪಡೆಯವರು ಬಾಡಿಗೆಗೆ ಬರುವುದರಿಂದ ಕಳ್ಳರಿಗೆ ಅದೇ ವೇಷ ಸುಲಭ. ಒಬ್ಬ ಫೋನ್ ಮಾಡುತ್ತಾನೆ. ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ. ಕಾರವಾರಕ್ಕೆ ವರ್ಗವಾಗಿದೆ, ಮನೆ ಇಷ್ಟವಾಯಿತು, ನೋಡುವುದೇ ಬೇಡ, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ ಎನ್ನುತ್ತಾನೆ. ಐಡಿ ಕಾರ್ಡ್, ಸಮವಸ್ತ್ರದ ಫೋಟೊ ಕಳಿಸುತ್ತಾನೆ. ಆಮೇಲೆ "ನಮ್ಮ ಅಕೌಂಟ್ಸ್ ವಿಭಾಗದ ಪದ್ಧತಿ ಹೀಗೆ" ಎಂದು ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ ಎನ್ನುತ್ತಾನೆ. ಇಲ್ಲವೇ ಮೊದಲು 1 ರೂಪಾಯಿ ಕಳಿಸಿ ನೋಡೋಣ ಎನ್ನುತ್ತಾನೆ.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ. ಇದನ್ನು ನಿಮ್ಮ ಮನೆಯವರಿಗೆ, ವಯಸ್ಸಾದ ಮಾಲೀಕರಿಗೆ ಎಲ್ಲರಿಗೂ ಹೇಳಿ. ನೋಡದೆ ಮನೆ ಒಪ್ಪಿಕೊಳ್ಳುವವರಿಗೆ ನಾನು ಕೊಡುವ ಉತ್ತರ ಒಂದೇ: "ಇಲ್ಲಿರುವ ನಿಮ್ಮ ಸಹೋದ್ಯೋಗಿಯೊಬ್ಬರನ್ನು ಕಳಿಸಿ, ಅವರು ನೋಡಿ ಹೇಳಲಿ." ನಿಜವಾದವರು ಸಂತೋಷದಿಂದ ಕಳಿಸುತ್ತಾರೆ. ಕಳ್ಳ ಫೋನ್ ಇಡುತ್ತಾನೆ. ಹಣ ಹೋಗಿಯೇಬಿಟ್ಟರೆ ನಾಚಿಕೆ ಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಮೋಸ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ನಿಮ್ಮ ಮನೆಯ ಫೋಟೊಗಳನ್ನು ಕದ್ದು, ಅರ್ಧ ಬಾಡಿಗೆ ಹಾಕಿ, ಬೇರೆ ನಂಬರು ಕೊಟ್ಟು ಮಾರ್ಕೆಟ್‌ಪ್ಲೇಸ್‌ನಲ್ಲಿ ಹಾಕುತ್ತಾರೆ. ಪಾಪ ಯಾರೋ ಟೋಕನ್ ಹಣ ಕಳಿಸಿ, ಸಾಮಾನು ಹೇರಿಕೊಂಡು ಬಂದು ಗೇಟಿನ ಮುಂದೆ ನಿಲ್ಲುತ್ತಾರೆ. ಇದನ್ನು ತಡೆಯಲು ಪ್ರತಿ ಫೋಟೊದ ಮಧ್ಯದಲ್ಲೇ ನಿಮ್ಮ ಹೆಸರು, ನಂಬರು ತೆಳುವಾಗಿ ಹಾಕಿ. ಮೂಲೆಯಲ್ಲಿ ಹಾಕಿದರೆ ಕತ್ತರಿಸುತ್ತಾರೆ. "ಮನೆ ತೋರಿಸುವ ಮೊದಲು ಹಣ ಕೇಳುವುದಿಲ್ಲ" ಎಂಬ ಸಾಲನ್ನು ಎಲ್ಲ ಪೋಸ್ಟ್‌ನಲ್ಲೂ ಹಾಕಿ ಎಂದು ಹೇಳುವುದು ಇದಕ್ಕೇ.

ಆಧಾರ್ ಕೇಳುವಾಗ ಮಾಸ್ಕ್ಡ್ ಆಧಾರ್ ಕೇಳಿ. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಬಾಡಿಗೆಯವರ ದಾಖಲೆಯನ್ನು ಯಾವ ಗ್ರೂಪಿಗೂ ಹಾಕಬೇಡಿ. ಮಾಲೀಕರಿಗೆ ಮಾತ್ರ ಕಳಿಸಿ, ಕೆಲಸ ಮುಗಿದ ಮೇಲೆ ಮೊಬೈಲ್‌ನಿಂದ ಅಳಿಸಿ.

ಬಾಡಿಗೆಯವರು ಬಂದ ಮೇಲೆ

ಕೀ ಕೊಟ್ಟ ದಿನ ಬಾಡಿಗೆಯವರ ಎದುರಿಗೇ ಇಡೀ ಮನೆಯ ವಿಡಿಯೊ ತೆಗೆಯಿರಿ. ಮೀಟರ್ ರೀಡಿಂಗ್, ಫ್ಯಾನು, ನಲ್ಲಿ, ಗೋಡೆಯ ಕಲೆ ಎಲ್ಲ ಬರಲಿ. ಅದನ್ನು ಅವರಿಗೂ ಮಾಲೀಕರಿಗೂ ಕಳಿಸಿ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಎಂದು ಹಾಕಿಟ್ಟರೆ ಲಿಂಕ್ ಇದ್ದವರು ಮಾತ್ರ ನೋಡಬಹುದು, ಮೊಬೈಲ್‌ನಲ್ಲಿ ಜಾಗವೂ ಉಳಿಯುತ್ತದೆ. ಮನೆ ಬಿಡುವ ದಿನ ಡಿಪಾಸಿಟ್ ಜಗಳ ಅರ್ಧಕ್ಕರ್ಧ ಇದರಿಂದಲೇ ನಿಲ್ಲುತ್ತದೆ.

ಒಂದೇ ಕಟ್ಟಡದಲ್ಲಿ ನಾಲ್ಕಾರು ಮನೆಗಳಿದ್ದರೆ ಒಂದು ಗ್ರೂಪು ಮಾಡಿ. ಅಡ್ಮಿನ್ ಮಾತ್ರ ಬರೆಯುವಂತೆ ಇಡುವುದು ಉತ್ತಮ. ನೀರು ಬಿಡುವ ಹೊತ್ತು, ಟ್ಯಾಂಕ್ ತೊಳೆಯುವ ದಿನ, ಕಸದ ಗಾಡಿ, ಕರೆಂಟ್ ಇಲ್ಲದಾಗ ಹೆಸ್ಕಾಂನ 1912 ಇಂಥವು ಅಲ್ಲಿ ಬರಲಿ. "ಇಂಥ ಮನೆಯವರು ಬಾಡಿಗೆ ಕೊಟ್ಟಿಲ್ಲ" ಎಂಬುದು ಗ್ರೂಪಿನಲ್ಲಿ ಬರಬಾರದು. ಬಾಕಿಯ ಮಾತು ಅವರೊಬ್ಬರ ಹತ್ತಿರವೇ ಆಗಲಿ. ರಿಪೇರಿ ದೂರು ಬಂದರೆ ಫೋಟೊ ಕೇಳಿ, "ಬುಧವಾರ ಬೆಳಿಗ್ಗೆ ಪ್ಲಂಬರ್ ಬರುತ್ತಾರೆ" ಎಂದು ದಿನ ಹೇಳಿ, ಕೆಲಸ ಆದ ಮೇಲೆ ಇನ್ನೊಂದು ಫೋಟೊ ಹಾಕಿ.

ಮಳೆಗಾಲದಲ್ಲಿ ಈ ಗ್ರೂಪಿಗೆ ಜವಾಬ್ದಾರಿ ಹೆಚ್ಚು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಅಂಥ ಹೊತ್ತಿನಲ್ಲಿ ಊರಿಗೆ ಹೊಸಬರಾದ ಬಾಡಿಗೆಯವರು ನಿಮ್ಮನ್ನೇ ಕೇಳುತ್ತಾರೆ: ರಸ್ತೆ ಇದೆಯೇ, ನಾಳೆ ಶಾಲೆಗೆ ರಜೆಯೇ? ಫಾರ್ವರ್ಡ್ ಆಗಿ ಬಂದ ವಿಡಿಯೊ ಹಾಕಬೇಡಿ. ಜಿಲ್ಲಾಡಳಿತದ ಪ್ರಕಟಣೆ ಬಂದ ಮೇಲೆ, ಅದರ ತಾರೀಖು ನೋಡಿ ಹಾಕಿ. ಹಳೆಯ ವರ್ಷದ ರಜೆ ಆದೇಶ ಪ್ರತಿ ಮಳೆಗಾಲದಲ್ಲೂ ಮತ್ತೆ ತಿರುಗುತ್ತದೆ.

ಮಾಲೀಕರಿಗೆ ತಿಂಗಳಿಗೊಂದು ಮೆಸೇಜ್, ಒಂದೇ ತಾರೀಖಿಗೆ. ಬಾಡಿಗೆ ಬಂತು, ಇಷ್ಟು ಖರ್ಚಾಯಿತು, ಬಿಲ್ಲಿನ ಫೋಟೊ ಇದು, ಮನೆ ಹೀಗಿದೆ. ದೂರದಲ್ಲಿರುವವರಿಗೆ ತಮ್ಮ ಮನೆಯ ಅಂಗಳ, ಬಾವಿಕಟ್ಟೆ, ತೆಂಗಿನ ಮರದ ಒಂದು ಫೋಟೊ ಬಂದರೆ ಎಷ್ಟು ಸಮಾಧಾನವಾಗುತ್ತದೆ ಗೊತ್ತೇ? ಅದೇ ಫೋಟೊ ನೋಡಿ ಅವರ ಅಣ್ಣನೋ ಪಕ್ಕದ ಮನೆಯವರೋ ತಮ್ಮ ಮನೆಯ ಕೀಯನ್ನೂ ನಿಮಗೇ ಕೊಡುತ್ತಾರೆ.

ಹೋಂಸ್ಟೇ ನೋಡಿಕೊಳ್ಳುವವರಿಗೆ

ಗೋಕರ್ಣ, ಕುಮಟಾ, ಶಿರಸಿ ಕಡೆ ಹೋಂಸ್ಟೇ ನೋಡಿಕೊಳ್ಳುವವರಿಗೆ ಇನ್‌ಸ್ಟಾಗ್ರಾಂ ಹೆಚ್ಚು ಉಪಯೋಗ. ಶಿರಸಿಯ ತೋಟದ ಮನೆ ತೋರಿಸುವಾಗ ಅಡಿಕೆ ತೋಟ, ತಂಬುಳಿ ಊಟ ತೋರಿಸಿ. ಜೊತೆಗೆ ಮಳೆಗಾಲದಲ್ಲಿ ಉಂಬಳ (ಜಿಗಣೆ) ಇರುತ್ತದೆ, ಮೊಬೈಲ್ ಸಿಗ್ನಲ್ ಸಿಗಲು ಅಂಗಳದ ಆಚೆ ಹೋಗಬೇಕು, ಕೊನೆಯ ದಾರಿ ಮಣ್ಣಿನದು ಎಂದೂ ಹೇಳಿ. ಇದನ್ನು ತಿಳಿದು ಬರುವವರು ಖುಷಿಯಿಂದ ಇದ್ದು ಹೋಗುತ್ತಾರೆ. ತಿಳಿಯದೆ ಬಂದವರು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಒಂದು ಸ್ಟಾರ್ ಬಂದರೂ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿ. ಒಂದು ರಾತ್ರಿ ಕಳೆಯಲಿ. ಆಮೇಲೆ ಹೀಗೆ ಬರೆಯಿರಿ: "ಬಿಸಿನೀರು ಬರಲಿಲ್ಲ ಎಂದು ತಿಳಿಸಿದ್ದಕ್ಕೆ ಧನ್ಯವಾದ. ಅಂದು ರಾತ್ರಿ ಕರೆಂಟ್ ಹೋಗಿತ್ತು. ಈಗ ಕಟ್ಟಿಗೆ ಒಲೆಯ ಹಂಡೆಯನ್ನೂ ಇಟ್ಟಿದ್ದೇವೆ." ಈ ಉತ್ತರವನ್ನು ಮುಂದಿನ ಅತಿಥಿಗಳು ಓದುತ್ತಾರೆ.

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಲಸೆ ಅಧಿಕಾರಿಗಳಿಗೆ ಮಾಹಿತಿ ಕೊಡಲೇಬೇಕು. ಇನ್‌ಸ್ಟಾಗ್ರಾಂ ಮೆಸೇಜಿನಲ್ಲೇ ಬುಕಿಂಗ್ ಆಗಿದ್ದರೂ ಇದರಿಂದ ಬಿಡುಗಡೆ ಇಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಯನ್ನು ಬರುವ ಮೊದಲೇ ತರಿಸಿಕೊಳ್ಳಿ.

ಯಾವ ತಿಂಗಳಲ್ಲಿ ಏನು

ಏಪ್ರಿಲ್‌ನಿಂದ ಜೂನ್ ವರ್ಗಾವಣೆ ಮತ್ತು ಶಾಲೆ ಶುರುವಾಗುವ ಕಾಲ. ಬಾಡಿಗೆ ಮನೆಯ ಪೋಸ್ಟ್‌ಗೆ ಇದೇ ಮುಖ್ಯ ಹೊತ್ತು. ಮಾರ್ಚ್‌ನಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಹಂಚು, ಶೀಟು, ಗಟಾರ ಸರಿ ಮಾಡಿಸಿದ ಫೋಟೊ ಹಾಕಿ. ಮಳೆಗಾಲದಲ್ಲಿ ಆ ಜುಲೈ ವಿಡಿಯೊ ತೆಗೆಯಿರಿ. ಚೌತಿಗೆ ಮುಂಬೈಯವರು ಊರಿಗೆ ಬರುತ್ತಾರೆ. ಮಾಲೀಕರು ಬರುವ ಮನೆಯನ್ನು ಆ ದಿನಗಳಲ್ಲಿ ಯಾರಿಗೂ ಒಪ್ಪಿಕೊಳ್ಳಬೇಡಿ. ಹೊಸ ಮಾಲೀಕರನ್ನು ಮುಖತಃ ಭೇಟಿಯಾಗಲು ಚೌತಿಗಿಂತ ಒಳ್ಳೆಯ ಸಮಯ ಇಲ್ಲ. ಗೋಕರ್ಣಕ್ಕೆ ಶಿವರಾತ್ರಿ, ಶಿರಸಿಗೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ. ಜಾತ್ರೆಯ ಕೋಣೆಗಳ ಪೋಸ್ಟನ್ನು ಎರಡು ತಿಂಗಳು ಮೊದಲೇ ಹಾಕಿ, ದರವನ್ನು ಅದರಲ್ಲೇ ಬರೆಯಿರಿ.

ಮನೆ ಹೋದ ದಿನ

ಕರಾರಿಗೆ ಸಹಿ ಬಿದ್ದ ದಿನವೇ ಜಾಹೀರಾತು ತೆಗೆಯಿರಿ. ಎಲ್ಲೆಲ್ಲಿ ಹಾಕಿದ್ದೀರಿ ಎಂದು ಮೊದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಸುಲಭ. ಮಾರ್ಕೆಟ್‌ಪ್ಲೇಸ್‌ನಲ್ಲಿ ಅಳಿಸಿ, ಫೇಸ್‌ಬುಕ್ ಗ್ರೂಪಿನ ಪೋಸ್ಟ್ ಅಳಿಸಿ, ಕ್ಯಾಟಲಾಗ್‌ನಿಂದ ಮರೆಮಾಡಿ. ರೀಲ್‌ನಲ್ಲಿ ಮನೆಯ ಒಳಗೆಲ್ಲ ಕಾಣುತ್ತಿದ್ದರೆ ಅದನ್ನೂ ಆರ್ಕೈವ್‌ಗೆ ಹಾಕಿ. ಈಗ ಅಲ್ಲಿ ಒಂದು ಸಂಸಾರ ಇದೆ, ಅವರ ಬೆಡ್‌ರೂಮಿನ ಕಿಟಕಿ ಎಲ್ಲಿದೆ ಎಂದು ಊರವರಿಗೆಲ್ಲ ಗೊತ್ತಾಗುವುದು ಬೇಡ. ಮನೆ ಕೇಳಿ ನಿರಾಶರಾದವರ ಲೇಬಲ್ ತೆರೆದು, "ಆ ಮನೆ ಹೋಯಿತು. ನಿಮಗೆ ಜುಲೈವರೆಗೆ ಕಾಯಲು ಆಗುವುದಾದರೆ ಕಾಜುಬಾಗದಲ್ಲಿ ಇನ್ನೊಂದು ಬರುವುದಿದೆ" ಎಂದು ಒಬ್ಬೊಬ್ಬರಿಗೂ ಬರೆಯಿರಿ.